ಅಮ್ಮನ ಕಿವಿಯಲ್ಲಿ ಹೇಳಿದ ಸಿನಿಮಾ

ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಹನ್ನೊಂದು ದಿನ ಆಗಿತ್ತು. ಅರಸೀಕೆರೆಯಿಂದ ಬಂದು ನಮ್ಮ ಜೊತೆ ಇದ್ದಳು. ನಾಲ್ಕು ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು, ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ. ಆ ಭಾನುವಾರ ನಾನು ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಾಗ ಅವಳೇ, "ನಾನೂ ಬರ್ತೀನಿ ಬಿಡು. ಸುಮ್ನೆ ಒಂದು ಮೂಲೇಲಿ ಕೂತಿರ್ತೀನಿ" ಅಂದಳು.

ಹೋಗಬೇಕಿದ್ದದ್ದು ಹನುಮಂತನಗರದ ಗೆಳೆಯನ ಮನೆಗೆ. ಎರಡು ಮೂರು ತಿಂಗಳಿಗೊಮ್ಮೆ ನಾವೊಂದಷ್ಟು ಜನ ಅಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ಗಂಡು ಗಂಡಿನ ಸಂಬಂಧದ ಬಗ್ಗೆ, ಕಮ್ಮಿ ದುಡ್ಡಿನಲ್ಲಿ ತೆಗೆದ ಸಿನಿಮಾಗಳು. ಬಾಡಿಗೆ ಪ್ರೊಜೆಕ್ಟರ್, ಗೋಡೆಗೆ ಕಟ್ಟಿದ ಬಿಳಿ ಬೆಡ್‌ಶೀಟ್. ಆ ಬೆಡ್‌ಶೀಟಿನ ಎಡಕ್ಕೆ ಇಸ್ತ್ರಿಪೆಟ್ಟಿಗೆ ಸುಟ್ಟ ಒಂದು ಕಂದು ಕಲೆ ಇದೆ. ಯಾವ ಸಿನಿಮಾ ಹಾಕಿದರೂ ಯಾರಾದರೊಬ್ಬರ ಕೆನ್ನೆ ಮೇಲೆ ಅದು ಬಂದು ಕೂರುತ್ತದೆ. ನಮಗೆಲ್ಲ ಅಭ್ಯಾಸ ಆಗಿಹೋಗಿದೆ.

ಅಮ್ಮನಿಗೆ ನನ್ನ ವಿಷಯ ಗೊತ್ತಿತ್ತು. ಆದರೆ ಅದನ್ನು ನಾವಿಬ್ಬರೂ ಒಂದು ಸಲವೂ ಬಾಯಿಬಿಟ್ಟು ಆಡಿರಲಿಲ್ಲ. 2018ರ ಸೆಪ್ಟೆಂಬರ್ 6ರಂದು ನಮ್ಮಂಥವರ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟು 377ನೇ ಕಲಮಿನ ತೀರ್ಪು ಕೊಟ್ಟಾಗ ಟಿವಿ ನೋಡಿ ಫೋನ್ ಮಾಡಿದ್ದಳು. "ಏನೋ ಕೋರ್ಟಲ್ಲಿ ಆಯ್ತಂತೆ. ಒಳ್ಳೇದಾಯ್ತು ಅಲ್ವಾ?" ನಾನು "ಹೂಂ" ಅಂದೆ. ಆಮೇಲೆ ಮಳೆ ಬಂತಾ, ಊಟ ಆಯ್ತಾ ಅಂತ ಮಾತು ಬೇರೆ ಕಡೆ ಹೋಯಿತು. ನಾನು ಆರು ವರ್ಷದಿಂದ ಯಾರ ಜೊತೆ ಬಾಳುತ್ತಿದ್ದೇನೋ ಅವನನ್ನು ಅಮ್ಮ ಇವತ್ತಿಗೂ "ಆ ಹುಡುಗ" ಅಂತಲೇ ಕರೆಯುವುದು. ಪ್ರೀತಿಯಿಂದಲೇ.

ಅವತ್ತಿನ ಸಿನಿಮಾ 'ಈವ್ನಿಂಗ್ ಶ್ಯಾಡೋಸ್'. 2018ರದ್ದು. ತೆಗೆದವರು ಮಂಡ್ಯದಲ್ಲಿ ಹುಟ್ಟಿದ ಶ್ರೀಧರ್ ರಂಗಾಯನ್. ದೊಡ್ಡ ನಿರ್ಮಾಪಕರ ದುಡ್ಡಲ್ಲ, ಜನರ ಹತ್ತಿರ ಸ್ವಲ್ಪ ಸ್ವಲ್ಪ ಸೇರಿಸಿದ ದುಡ್ಡು. ಕತೆ ನಡೆಯುವುದು ಶ್ರೀರಂಗಪಟ್ಟಣದಲ್ಲಿ. ಮುಂಬೈಯಲ್ಲಿ ಫೋಟೋಗ್ರಾಫರ್ ಆಗಿರುವ ಮಗ ಮನೆಗೆ ಬರುತ್ತಾನೆ, ಮನೆಯಲ್ಲಿ ಮದುವೆ ಮಾತು ತೆಗೆಯುತ್ತಾರೆ, ಅವನು ತಾಯಿಯ ಹತ್ತಿರ ನಿಜ ಹೇಳುತ್ತಾನೆ. ಶ್ರೀರಂಗಪಟ್ಟಣ ಅಂದ ತಕ್ಷಣ ಅಮ್ಮ ನೆಟ್ಟಗೆ ಕೂತಳು. ಅವಳ ಚಿಕ್ಕಮ್ಮನನ್ನು ಕೊಟ್ಟಿದ್ದು ಅದೇ ಊರಿಗೆ.

ಹತ್ತು ನಿಮಿಷ ಆಗಿರಬೇಕು. ಅಮ್ಮ ನನ್ನ ತೋಳು ಹಿಡಿದು ಎಳೆದಳು. "ಏನೋ ಇದು? ಶ್ರೀರಂಗಪಟ್ಟಣದಲ್ಲಿ ಯಾರು ಮನೇಲಿ ಹಿಂದಿ ಮಾತಾಡ್ತಾರೆ?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಸಿನಿಮಾ ಹಿಂದಿಯದು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಕೆಳಗೆ ಇಂಗ್ಲಿಷ್ ಅಕ್ಷರ, ಆ ಕಣ್ಣಲ್ಲಿ ಅದನ್ನು ಓದುವ ಮಾತೇ ಇಲ್ಲ. "ಏನಂತಿದಾರೆ ಹೇಳ್ತಾ ಹೋಗು" ಅಂದಳು. ಹೇಳುತ್ತಾ ಹೋದೆ. ಬೇರೆಯವರಿಗೆ ತೊಂದರೆ ಆಗಬಾರದು ಅಂತ ಅವಳ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದೆ. ಕೊಬ್ಬರಿ ಎಣ್ಣೆಯ ವಾಸನೆ, ಕಪ್ಪು ಕನ್ನಡಕದ ಕಡ್ಡಿ ನನ್ನ ಮೂಗಿಗೆ ಚುಚ್ಚುತ್ತಿತ್ತು.

ಮದುವೆ, ಪೂಜೆ, ಅಡುಗೆ ಇವೆಲ್ಲ ಸುಲಭ. ಆಮೇಲೆ ಮಗ ತಾಯಿಗೆ ಹೇಳುವ ಜಾಗ ಬಂತು. ನನ್ನ ಗಂಟಲು ಕಟ್ಟಿತು. ಯಾವ ಪದ ಹೇಳಲಿ? ಸಲಿಂಗಿ ಅನ್ನುವುದು ಪೇಪರಿನ ಪದ. ಅದನ್ನು ಅಮ್ಮನ ಕಿವಿಯಲ್ಲಿ ಹೇಳಿದರೆ ಯಾರದ್ದೋ ಕೋರ್ಟ್ ಕೇಸಿನ ಹಾಗೆ ಕೇಳಿಸುತ್ತದೆ. ಗೇ ಅಂದರೆ ಅವಳಿಗೆ ಏನೂ ಅಲ್ಲ. ಬೇರೆ ಎಲ್ಲವೂ ಸ್ಕೂಲಿನಲ್ಲಿ ನನ್ನ ಬೆನ್ನ ಹಿಂದೆ ಕೂಗುತ್ತಿದ್ದ ಪದಗಳು. ಕೊನೆಗೆ ಹೇಳಿದೆ: "ಅವನಿಗೆ ಹುಡುಗರೇ ಇಷ್ಟ ಅಂತೆ ಅಮ್ಮ. ಒಬ್ಬ ಹುಡುಗನ ಜೊತೆ ಇದ್ದಾನಂತೆ. ಹುಡುಗೀನ ಮದುವೆ ಆಗೋಕೆ ನನ್ನಿಂದ ಆಗಲ್ಲ ಅಂತಿದಾನೆ."

ಅಮ್ಮ ಪರದೆ ಕಡೆಯೇ ತಿರುಗಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅವರಮ್ಮ ಏನಂದ್ಲು?"

"ಇನ್ನೂ ಏನೂ ಅಂದಿಲ್ಲ."

ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಮೇ ತಿಂಗಳ ಸಂಜೆ ಮಳೆ, ಹೊರಗೆ ಗುಡುಗು. ಯುಪಿಎಸ್ ಇಲ್ಲದ ಮನೆ. ಯಾರೋ ಮೊಬೈಲ್ ಟಾರ್ಚ್ ಹಾಕಿದರು, ಇನ್ಯಾರೋ "ಆರಿಸು, ಪರವಾಗಿಲ್ಲ" ಅಂದರು. ಹದಿನಾಲ್ಕು ಜನ ಕತ್ತಲಲ್ಲಿ ಕೂತೆವು.

ಇಂಥ ಸಿನಿಮಾ ಆದಮೇಲೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲ ಐದು ನಿಮಿಷ ಜನ ಸಿನಿಮಾ ಬಗ್ಗೆ ಮಾತಾಡುತ್ತಾರೆ. ಆಮೇಲೆ ತಮ್ಮ ಮನೆ ಬಗ್ಗೆ. ಅವತ್ತು ಅರ್ಧದಲ್ಲೇ ಶುರುವಾಯಿತು. ಸಿನಿಮಾ ಕೋರ್ಸ್ ಮಾಡುತ್ತಿರುವ ಹುಡುಗ, ಲೈಟಿಂಗ್ ಸರಿಯಿಲ್ಲ, ಕೆಲವರ ನಟನೆ ನಾಟಕದ ಥರ ಇದೆ ಅಂದ. ಅವನು ಹೇಳಿದ್ದು ತಪ್ಪಲ್ಲ. ನಮ್ಮ ಕತೆ ಅನ್ನುವ ಒಂದೇ ಕಾರಣಕ್ಕೆ ಸಿನಿಮಾ ಚೆನ್ನಾಗಿದೆ ಅನ್ನುವುದು ನನಗೆ ಇಷ್ಟವಿಲ್ಲ. ಕರುಣೆಯ ಮಾರ್ಕ್ಸ್ ಯಾರಿಗೂ ಬೇಡ. ದುಡ್ಡಿಲ್ಲದೆ ಚೆನ್ನಾಗಿ ತೆಗೆಯಬಹುದು ಅನ್ನುವುದಕ್ಕೆ 2011ರ ಇಂಗ್ಲಿಷಿನ 'ವೀಕೆಂಡ್' ಇದೆ. ನಾಟಿಂಗ್‌ಹ್ಯಾಮ್ ಊರಿನ ಒಂದು ಫ್ಲ್ಯಾಟಿನಲ್ಲಿ ಇಬ್ಬರು ಎರಡು ದಿನ ಮಾತಾಡುತ್ತಾರೆ. ಹೆಚ್ಚುಕಮ್ಮಿ ಅಷ್ಟೇ ಸಿನಿಮಾ. ಆಂಡ್ರ್ಯೂ ಹೇಗ್ ಅದನ್ನು ತೆಗೆದಿರುವ ರೀತಿ ನೋಡಿದರೆ ಇನ್ನೊಂದು ರೂಮು ಬೇಕು ಅಂತಲೇ ಅನಿಸುವುದಿಲ್ಲ. ನಮ್ಮಂಥವರ ಬಾಳು ನಡೆಯುವುದೂ ಹಾಗೆಯೇ ಅಲ್ವಾ? ಚಿಲಕ ಹಾಕಿದ ಒಂದು ಬಾಗಿಲ ಹಿಂದೆ.

ಆಗ ಬಾಗಿಲ ಪಕ್ಕದಿಂದ ಒಂದು ದನಿ ಬಂತು. ಆ ಮನುಷ್ಯ ಅವತ್ತೇ ಮೊದಲು ಬಂದಿದ್ದು. ನಲವತ್ತೈದರ ಮೇಲಿರಬಹುದು, ಹೆಲ್ಮೆಟ್ಟನ್ನು ತೊಡೆ ಮೇಲೆ ಇಟ್ಟುಕೊಂಡೇ ಕೂತಿದ್ದರು. "ನಮ್ಮಮ್ಮನಿಗೆ ನಾನು ಹೇಳಲೇ ಇಲ್ಲ" ಅಂದರು. "ಹೇಳೋಣ ಹೇಳೋಣ ಅಂತ ಇದ್ದೆ."

ಅಮ್ಮ ತನ್ನ ಮೂಲೆಯಿಂದಲೇ, "ಇದ್ದಾರಾ ಅವರು?" ಅಂದಳು.

"ಇಲ್ಲಮ್ಮ. ಹೋಗಿ ಮೂರು ವರ್ಷ ಆಯ್ತು."

"ಮದುವೆ ಆಗಿದ್ಯಾ?"

"ಆಗಿದೆ. ಇಬ್ಬರು ಮಕ್ಕಳು."

ನನಗೆ ಎದೆ ಹೊಡೆದುಕೊಳ್ಳತೊಡಗಿತು. ಅಮ್ಮ ಏನು ಹೇಳುತ್ತಾಳೋ! ಅವಳು ನಿಧಾನವಾಗಿ, "ಪಾಪ ಆ ಹೆಣ್ಣುಮಗು" ಅಂದಳು. ಅವರ ಹೆಂಡತಿಯ ಬಗ್ಗೆ.

ಯಾರೂ ಉಸಿರೆತ್ತಲಿಲ್ಲ. ಮಳೆ ಶಬ್ದ ಮಾತ್ರ. ಆಮೇಲೆ ಅವರು, "ಹೌದಮ್ಮ. ಅವಳದ್ದೇನೂ ತಪ್ಪಿಲ್ಲ" ಅಂದರು. "ಇವತ್ತು ಮಗಳಿಗೆ ಬುಕ್ಸ್ ತರ್ತೀನಿ ಅಂತ ಹೇಳಿ ಬಂದಿದೀನಿ."

ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಹೆಂಡತಿಯರ ಬಗ್ಗೆ ಮಾತಾಡಿರಲಿಲ್ಲ. ಇಂಥ ಸಿನಿಮಾಗಳಲ್ಲೂ ಮದುವೆಯಾದ ಹೆಂಗಸು ಹೆಚ್ಚಾಗಿ ಒಂದೆರಡು ದೃಶ್ಯಕ್ಕೆ ಬಂದು ಹೋಗುತ್ತಾಳೆ. ನಾನು ಅವಳನ್ನು ಗಮನಿಸಿ ನೋಡಿದ್ದೇ ಕಮ್ಮಿ. ಅಮ್ಮ ಬಂದವಳೇ ಅವಳನ್ನು ಹುಡುಕಿದಳು.

ಮುಕ್ಕಾಲು ಗಂಟೆಗೆ ಕರೆಂಟ್ ಬಂತು. ಹೆಲ್ಮೆಟ್ಟಿನವರು ಅಷ್ಟರಲ್ಲಿ ಹೋಗಿದ್ದರು. ಅಂಗಡಿ ಮುಚ್ಚುವ ಮೊದಲು ಬುಕ್ಸ್ ಸಿಕ್ಕಿತೋ ಏನೋ. ನಾನು ಮತ್ತೆ ಅಮ್ಮನ ಕಿವಿಗೆ ಬಾಯಿಟ್ಟೆ. ಉಳಿದದ್ದನ್ನು ಹೇಳುವುದು ಅಷ್ಟು ಕಷ್ಟ ಆಗಲಿಲ್ಲ. ತಾಯಿಯ ಪಾತ್ರ ಮಾಡಿರುವ ಮೋನಾ ಅಂಬೆಗಾಂವ್ಕರ್ ಮುಖದ ಮೇಲೆ ಆ ಸುಟ್ಟ ಕಲೆ ಬಂದು ಬಂದು ಹೋಗುತ್ತಿತ್ತು. ಅಮ್ಮ ಮಂಜುಗಣ್ಣಲ್ಲೇ, "ಅವಳಿಗೆ ಪೆಟ್ಟಾಗಿದ್ಯಾ?" ಅಂತ ಕೇಳಿದಳು.

ಮನೆಗೆ ಬರುವಾಗ ಆಟೋದಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಕನ್ನಡದಲ್ಲೇ ತೆಗೆದಿದ್ರೆ ನಿನಗೆ ಇಷ್ಟು ಕಷ್ಟ ಇರ್ತಿರಲಿಲ್ಲ." ಅವಳು ನನ್ನ ಗಂಟಲಿನ ಬಗ್ಗೆ ಹೇಳಿದಳು ಅಂದುಕೊಂಡೆ. ಇರಬಹುದು. ಇಲ್ಲದೆಯೂ ಇರಬಹುದು.

ಆವತ್ತಿನಿಂದ ಇದು ನನ್ನ ತಲೆಯಿಂದ ಹೋಗಿಲ್ಲ. ಹಿಂದಿಯಲ್ಲಿ ತೆಗೆದರೆ ಜಾಸ್ತಿ ಜನಕ್ಕೆ ಮುಟ್ಟುತ್ತದೆ, ದೊಡ್ಡ ಆ್ಯಪ್‌ಗಳಿಗೂ ಹೋಗುತ್ತದೆ ಅನ್ನುವುದು ನನಗೆ ಅರ್ಥ ಆಗುತ್ತದೆ. ಆ ಸಿನಿಮಾ ನೆಟ್‌ಫ್ಲಿಕ್ಸ್‌ವರೆಗೂ ಹೋಯಿತು. ಆದರೆ ಶ್ರೀರಂಗಪಟ್ಟಣದ ಅಮ್ಮನ ಕತೆ ಅರಸೀಕೆರೆಯ ಅಮ್ಮನಿಗೆ ಮುಟ್ಟಲು ಮಧ್ಯೆ ನಾನು ಬೇಕಾಯಿತು. ನನ್ನಂಥ ಮಗ ಪಕ್ಕದಲ್ಲಿ ಇಲ್ಲದ ತಾಯಂದಿರು ಎಷ್ಟು ಜನ! ಕನ್ನಡದಲ್ಲಿ ನಮ್ಮಂಥವರ ಕತೆಗಳ ಪುಸ್ತಕ, ವಸುಧೇಂದ್ರರ 'ಮೋಹನಸ್ವಾಮಿ', 2013ರಲ್ಲೇ ಬಂತು. ಅದನ್ನು ನಾನು ಪೇಪರಿನ ರಟ್ಟು ಹಾಕಿ ಬಸ್ಸಿನಲ್ಲಿ ಓದಿದವನು, ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ. ಆದರೆ ಪುಸ್ತಕವನ್ನು ಒಬ್ಬರೇ ಓದುತ್ತೇವೆ, ಮುಚ್ಚಿಟ್ಟುಕೊಂಡು ಓದಬಹುದು. ಸಿನಿಮಾ ಹಾಗಲ್ಲ. ಪಕ್ಕದಲ್ಲಿ ಕೂತವರ ಉಸಿರು ಕೇಳಿಸುತ್ತದೆ.

ಮರಾಠಿಯಲ್ಲಿ ಅದು ಆಗಿದೆ. ರೋಹನ್ ಕಾನವಡೆ ಅವರ 'ಸಾಬರ್ ಬೋಂಡ' 2025ರ ಜನವರಿಯಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ವಿದೇಶಿ ಕಥಾಚಿತ್ರಗಳ ವಿಭಾಗದ ದೊಡ್ಡ ಪ್ರಶಸ್ತಿ ಗೆದ್ದಿತು, ಸೆಪ್ಟೆಂಬರ್‌ನಲ್ಲಿ ಇಲ್ಲಿನ ಥಿಯೇಟರಿಗೆ ಬಂತು. ಸಾಬರ್ ಬೋಂಡ ಅಂದರೆ ನಮ್ಮ ಪಾಪಾಸುಕಳ್ಳಿ ಹಣ್ಣು. ಅಪ್ಪ ತೀರಿಕೊಂಡು ಹತ್ತು ದಿನದ ಸೂತಕಕ್ಕೆ ಹಳ್ಳಿಗೆ ಬಂದ ಮಗ, ಅಲ್ಲಿ ಬಾಲ್ಯದ ಗೆಳೆಯ. ಹಿನ್ನೆಲೆ ಸಂಗೀತವೇ ಇಲ್ಲ. ಅದರಲ್ಲಿ ತಾಯಿಗೆ ಮಗನ ವಿಷಯ ಗೊತ್ತು. ಆ ಊರಿನ ಜನ ಆ ಊರಿನ ಮಾತನ್ನೇ ಆಡುತ್ತಾರೆ. ನನಗೆ ಮರಾಠಿ ಬರದಿದ್ದರೂ ಆ ಮಾತು ಅವರ ಬಾಯಿಗೆ ಹೊರಗಿಂದ ತಂದದ್ದಲ್ಲ ಅಂತ ಗೊತ್ತಾಗುತ್ತಿತ್ತು. ಒಂದು ಹಳ್ಳಿ ಮನೆ, ಒಂದು ಮರ, ಆಡುಗಳು. ಅಷ್ಟು ನಮ್ಮ ಹಾಸನದ ಕಡೆಯೂ ಇದೆಯಲ್ಲ!

ಅಮ್ಮನಿಗೆ ತೋರಿಸಲು ಅಂಥದ್ದೊಂದು ಕನ್ನಡದ ಸಿನಿಮಾ ನಾನು ಹುಡುಕುತ್ತಲೇ ಇದ್ದೇನೆ. ಇನ್ನೂ ಕೈಗೆ ಸಿಕ್ಕಿಲ್ಲ.

ಹೋದ ವಾರ ಫೋನ್ ಮಾಡಿದ್ದಳು. ಎಡಗಣ್ಣಿಗೂ ಆಪರೇಷನ್ ಮಾಡಿಸಬೇಕಂತೆ, ಆ ಹುಡುಗನಿಗೆ ರಜಾ ಇರುವಾಗ ಬರುತ್ತಾಳಂತೆ. ಡ್ರಾಪ್ಸ್ ಅವನೇ ಚೆನ್ನಾಗಿ ಹಾಕುತ್ತಾನಂತೆ. ಇಡುವ ಮೊದಲು, "ನೀವು ನೋಡ್ತೀರಲ್ಲ, ಆ ಥರದ್ದು ಕನ್ನಡದಲ್ಲಿ ಬಂದ್ರೆ ಹೇಳು" ಅಂದಳು. "ದೊಡ್ಡಮ್ಮನ್ನೂ ಕರ್ಕೊಂಡು ಬರ್ತೀನಿ. ಅವಳಿಗೂ ಹಿಂದಿ ಬರಲ್ಲ."