‘ವಾಹನ್’ನಲ್ಲಿ ಸಿಗದ ನಂಬರೆಲ್ಲ ನಕಲಿಯಲ್ಲ

ರಸ್ತೆಯ ಕ್ಯಾಮೆರಾ ಓದಿದ ವಾಹನದ ನಂಬರನ್ನು ಫೋಟೊ ಜೊತೆ ತಾಳೆ ನೋಡುವ ಕೆಲಸದಲ್ಲಿ ಮಾಮೂಲಿ ಕೆಎ ನಂಬರುಗಳು ಸರಾಗವಾಗಿ ದಾಟಿಹೋಗುತ್ತವೆ. ಸಿಕ್ಕಿಹಾಕಿಕೊಳ್ಳುವುದು ಸೇನೆ, ರಾಯಭಾರ ಕಚೇರಿ ಮತ್ತು ಸರ್ಕಾರಿ ವಾಹನಗಳಲ್ಲೇ. ಹೊಸಬರು ‘ವಾಹನ್’ನಲ್ಲಿ, ಅಂದರೆ ದೇಶದ ವಾಹನ ನೋಂದಣಿ ದಾಖಲೆಗಳ ಕಂಪ್ಯೂಟರ್ ಕಡತದಲ್ಲಿ, ಸಿಗದ ನಂಬರನ್ನೆಲ್ಲ ನಕಲಿ ಎಂದು ಗುರುತು ಹಾಕಿಬಿಡುತ್ತಾರೆ.

ಸೇನಾ ವಾಹನ ಆರ್‌ಟಿಒ ಮೆಟ್ಟಿಲು ಹತ್ತುವುದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ಅದರ ನೋಂದಣಿ ಬೇರೆ ಪ್ರಾಧಿಕಾರದ್ದು. ಹಾಗಾಗಿ ‘ದಾಖಲೆ ಇಲ್ಲ’ ಎಂದು ಬರುವುದು ಸಹಜ. ನಂಬರಿನಲ್ಲಿ ಮೇಲ್ಮುಖ ಬಾಣ, ಖರೀದಿಯಾದ ವರ್ಷದ ಅಂಕಿ, ಸಂಕೇತಾಕ್ಷರ, ಕ್ರಮಸಂಖ್ಯೆ, ಕೊನೆಗೆ ಇನ್ನೊಂದು ಅಕ್ಷರ ಇರುತ್ತವೆ. ಕೆಲವದರಲ್ಲಿ ಬಾಣ ವರ್ಷದ ನಂತರ ಬರುತ್ತದೆ. ಸಾಫ್ಟ್‌ವೇರ್ ಎಡವುವುದು ಈ ಬಾಣದಲ್ಲೇ: ಒಂದೋ ಬಿಟ್ಟುಬಿಡುತ್ತದೆ, ಇಲ್ಲವೇ 1 ಎಂದು ಓದುತ್ತದೆ. ಆಗ 08 ಹೋಗಿ 108 ಆಗುತ್ತದೆ, ಮುಂದಿನ ಅಂಕಿಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ಬಾಣಕ್ಕೆ ಪ್ರತ್ಯೇಕ ಕಾಲಂ ಇಡಿ. ಅದರ ಜಾಗದಲ್ಲಿ 1 ಎಂದೋ ಎ ಎಂದೋ ಟೈಪ್ ಮಾಡಬೇಡಿ. ಕೊನೆಯ ಅಕ್ಷರ ಬಂದಿದೆಯೇ ಎಂದೂ ನೋಡಿ. ಬಂಪರ್ ಮೇಲೆ ಬಣ್ಣದಲ್ಲಿ ಬರೆದ ನಂಬರಾದರೆ ಧೂಳು ಮೊದಲು ನುಂಗುವುದು ಅಂಚಿನ ಆ ಅಕ್ಷರವನ್ನೇ.

ಹಿರಿಯ ಸೇನಾಧಿಕಾರಿಗಳ ಕಾರಿನ ಕೆಂಪು ನಕ್ಷತ್ರ ಫಲಕ ನೋಂದಣಿ ಫಲಕವಲ್ಲ, ಹುದ್ದೆಯ ಗುರುತು. ಅಧಿಕಾರಿ ಒಳಗಿಲ್ಲದಾಗ ಅದಕ್ಕೆ ಮುಸುಕು ಹಾಕುವುದು ರೂಢಿ. ಮುಚ್ಚಿದ ಫಲಕ ಕಂಡು ನಂಬರ್ ಮರೆಮಾಚಿದ್ದಾರೆ ಎಂದು ಬರೆಯಬೇಡಿ. ಹಾಗೆಯೇ ಕೆಎ ನಂಬರಿನ ಖಾಸಗಿ ಕಾರಿಗೆ ‘ಆರ್ಮಿ’ ಸ್ಟಿಕ್ಕರ್ ಅಂಟಿಸಿದರೆ ಅದು ಸೇನಾ ವಾಹನವಾಗುವುದಿಲ್ಲ.

ರಾಯಭಾರ ಕಚೇರಿ ವಾಹನಗಳದು ನೀಲಿ ಫಲಕ, ಬಿಳಿ ಅಕ್ಷರ. ಮೊದಲು ದೇಶದ ಸಂಖ್ಯೆ, ನಂತರ ಸಿಡಿ, ಸಿಸಿ ಅಥವಾ ಯುಎನ್, ಆಮೇಲೆ ಕ್ರಮಸಂಖ್ಯೆ. ಸಿಡಿ ಅಂದರೆ ರಾಜತಾಂತ್ರಿಕರು, ಸಿಸಿ ಅಂದರೆ ಕಾನ್ಸುಲೇಟ್, ಯುಎನ್ ಅಂದರೆ ವಿಶ್ವಸಂಸ್ಥೆ. ರಾತ್ರಿಯ ಇನ್‌ಫ್ರಾರೆಡ್ ಫೋಟೊದಲ್ಲಿ ಬಣ್ಣ ಇರುವುದಿಲ್ಲ. ನೀಲಿ ಫಲಕವೂ, ಖಾಸಗಿ ಎಲೆಕ್ಟ್ರಿಕ್ ಕಾರಿನ ಹಸಿರು ಫಲಕವೂ ಕಪ್ಪು ನೆಲದ ಬಿಳಿ ಅಕ್ಷರವಾಗಿಯೇ ಕಾಣಬಹುದು. ಇಡೀ ವಾಹನ ತೋರಿಸುವ ಇನ್ನೊಂದು ಕ್ಯಾಮೆರಾದ ಚಿತ್ರ ತೆರೆಯದೆ ತೀರ್ಮಾನಿಸಬೇಡಿ.

ರಾಯಭಾರ ಕಚೇರಿ ನಂಬರಿನ ಜೊತೆ ಗೊಂದಲವಾಗುವುದು ಬಿಎಚ್ (ಭಾರತ್) ಸರಣಿ, ಏಕೆಂದರೆ ಅದೂ ಅಂಕಿಯಿಂದಲೇ ಶುರು. 2021ರಲ್ಲಿ ಬಂದ ಈ ಸರಣಿಯಲ್ಲಿ ವರ್ಷದ ಎರಡು ಅಂಕಿ, ಬಿಎಚ್, ನಾಲ್ಕು ಅಂಕಿ, ಕೊನೆಗೆ ಅಕ್ಷರ. ಸಿಡಿ ನಂಬರ್ ಅಂಕಿಯಲ್ಲೇ ಮುಗಿಯುತ್ತದೆ. ಬಿಎಚ್ ಕಂಡರೆ ಸರ್ಕಾರಿ ವಾಹನ ಎನ್ನುವವರು ಬಹಳ. ಅದು ಶುದ್ಧ ಖಾಸಗಿ ವಾಹನ. ಮಾಲೀಕರು ಸರ್ಕಾರಿ ನೌಕರರಾಗಿರಬಹುದು, ಅಷ್ಟೇ.

ಕರ್ನಾಟಕದಲ್ಲಿ ಸರ್ಕಾರಿ ವಾಹನಕ್ಕೆ ಜಿ ಸರಣಿ, ಸಾರಿಗೆ ನಿಗಮಗಳ ಬಸ್ಸಿಗೆ ಎಫ್. ಇವೆರಡೂ ಸಾಮಾನ್ಯ ಆರ್‌ಟಿಒ ನೋಂದಣಿಯೇ. ‘ಕರ್ನಾಟಕ ಸರ್ಕಾರ’ ಬೋರ್ಡಿನ ಹಳದಿ ಪ್ಲೇಟ್ ಕಾರುಗಳು ಇಲಾಖೆಗೆ ಬಾಡಿಗೆಗೆ ಓಡುವ ಟ್ಯಾಕ್ಸಿಗಳು. ಬೋರ್ಡ್ ಬಿಟ್ಟು ಪ್ಲೇಟ್ ಓದಿ. ಜಿ ನಂಬರಿನ ಹಳೇ ಜೀಪಿನ ನೋಂದಣಿ ದಿನಾಂಕವನ್ನೂ ನೋಡಬೇಕು: 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿ ಊರ್ಜಿತದಲ್ಲಿರುವುದಿಲ್ಲ. ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗಷ್ಟೇ ವಿನಾಯಿತಿ.

ಮಾರಾಟವಾದ ವಾಹನಗಳದ್ದು ಬೇರೆ ಕಥೆ. ರಾಜತಾಂತ್ರಿಕರ ಕಾರು ಕೈ ಬದಲಾದರೆ ಅದೇ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಹಳೆಯ ನೋಂದಣಿ ಪತ್ರ ರದ್ದಾಗುತ್ತದೆ. ಸೇನಾ ಜೀಪು ರಕ್ಷಣಾ ಕೆಲಸದಿಂದ ಹೊರಬಿದ್ದರೂ ಸಾಮಾನ್ಯ ನೋಂದಣಿ ಮಾಡಿಸಲೇಬೇಕು. ಫೋಟೊದಲ್ಲಿ ಕೆಎ ಫಲಕದ ಜೊತೆಗೇ ಬಂಪರಿನ ಹಳೇ ಬಾಣವೂ ಕಂಡರೆ ಕೆಎ ನಂಬರನ್ನು ದಾಖಲಿಸಿ, ಬಾಣ ಅಳಿಸಿಲ್ಲ ಎಂದು ಷರಾ ಬರೆದು ಮೇಲಿನವರಿಗೆ ಕಳಿಸಿ. ಬಾಣ ಮಾತ್ರ ಇದ್ದು, ವಾಹನ ನಾಗರಿಕರದ್ದೆಂಬ ಅನುಮಾನ ಬಂದರೂ ಅಷ್ಟೇ. ಚಲನ್ ಹಾಕುವ ನಿರ್ಧಾರ ಪರಿಶೀಲನೆಯ ಮೇಜಿನದಲ್ಲ.