‘ನೀವೇನು ತಗೋತೀರಿ ಸರ್?’

ಮೊನ್ನೆ ನಮ್ಮ ಸರ್ ನಿವೃತ್ತಿಗೆ ಮುಂಚಿನ ಕೊನೇ ಉಪನ್ಯಾಸ ಕೊಟ್ಟರು. ವಯಸ್ಸು ಯಾಕೆ ಆಗುತ್ತದೆ ಅಂತ ಹುಡುಕುತ್ತಲೇ ತಲೆ ನರೆತ ಮನುಷ್ಯ. ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. ‘ಇಷ್ಟು ವರ್ಷ ಇದನ್ನೇ ಓದಿದ್ದೀರಲ್ಲ ಸರ್, ನೀವೇನು ತಗೋತೀರಿ?’

‘ಏನೂ ಇಲ್ಲಮ್ಮ. ಇಲಿಯಾಗಿದ್ದರೆ ರಾಪಮೈಸಿನ್ ತಗೋತಿದ್ದೆ.’

ಸಭೆಯೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ಆ ಮುಖವೇ ವಾರವಿಡೀ ನೆನಪಾಗುತ್ತಿದೆ.

ಸರ್ ಹೇಳಿದ್ದು ತಮಾಷೆಯಾದರೂ ಸುಳ್ಳಲ್ಲ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧ ಅದು. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುತ್ತಾರೆ, ದೇಹ ಹೊಸ ಕಿಡ್ನಿಯನ್ನು ಬೇಡ ಅನ್ನದಿರಲಿ ಅಂತ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 600 ದಿನ ತುಂಬಿ ಆಗಲೇ ಮುದಿಯಾಗಿದ್ದ ಇಲಿಗಳಿಗೆ ಕೊಟ್ಟರೂ ಅವು ಜಾಸ್ತಿ ದಿನ ಬದುಕಿದವು. ಮನುಷ್ಯರ ಆಯಸ್ಸು ಹೆಚ್ಚುತ್ತದೆ ಅಂತ ಯಾರೂ ತೋರಿಸಿಲ್ಲ. ತೋರಿಸುವುದಾದರೂ ಹೇಗೆ? ಇಲಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ, ಮನುಷ್ಯರ ಮೇಲಿನ ಪ್ರಯೋಗ ಮುಗಿಯುವಷ್ಟರಲ್ಲಿ ಪ್ರಯೋಗ ಶುರು ಮಾಡಿದವನೇ ಹೋಗಿರುತ್ತಾನೆ. ಇದೆಲ್ಲ ಗೊತ್ತಿದ್ದೂ ನನ್ನ ಪಕ್ಕ ಕೂತಿದ್ದ ಸಹೋದ್ಯೋಗಿ, ದಿನಾ ಬೆಳಿಗ್ಗೆ ಬೊಗಸೆ ಮಾತ್ರೆ ನುಂಗುವ ಮಹಾಶಯ, ‘ಸರ್ ಗುಟ್ಟು ಬಿಟ್ಟುಕೊಡಲ್ಲ ಬಿಡಿ’ ಅಂತ ಕಣ್ಣು ಹೊಡೆದ. ಓದಿದವರೇ ಹೀಗಾದರೆ!

ಹೊರಗೆ ಅಜ್ಜಿ ಕಂಬಿ ಹಿಡಿದು ನಿಂತಿದ್ದರು. ‘ನೂರು ವರ್ಷ ಯಾರಿಗೆ ಬೇಕಮ್ಮ? ಈ ಮೆಟ್ಟಿಲು ಇಳಿಯೋಕಾದ್ರೆ ಸಾಕು. ಅದಕ್ಕೇನಾದ್ರೂ ಇದೆಯಾ?’ ದಿನಾ ನಡೀರಿ, ಕಾಲಿಗೆ ವ್ಯಾಯಾಮ ಮಾಡಿ ಅಂದೆ. ‘ಅದನ್ನ ನಮ್ಮ ಡಾಕ್ಟ್ರೂ ಹೇಳ್ತಾರೆ’ ಅಂದರು. ಏನು ಹೇಳಲಿ?

ನನ್ನ ಕೆಲಸ ಹುಳುಗಳದ್ದು. ಸಿ. ಎಲೆಗಾನ್ಸ್, ಒಂದು ಮಿಲಿಮೀಟರ್ ಉದ್ದ, ಎರಡು ಮೂರು ವಾರದ ಆಯಸ್ಸು. ಪ್ಲಾಟಿನಂ ತಂತಿಯ ತುದಿಯಿಂದ ಮೆಲ್ಲಗೆ ಮುಟ್ಟುತ್ತೇವೆ. ಅಲುಗದಿದ್ದರೆ ಸತ್ತಿದೆ ಅಂತ ಬರೆದುಕೊಳ್ಳುತ್ತೇವೆ. ತೆವಳುವುದು ಎಂದೋ ನಿಂತಿರುತ್ತದೆ, ಬಿದ್ದಲ್ಲೇ ಬಿದ್ದಿರುತ್ತದೆ, ಆದರೂ ತಲೆಯ ತುದಿ ಚೂರು ಕೊಂಕಿತೋ, ನಮ್ಮ ಲೆಕ್ಕದಲ್ಲಿ ಅದು ಬದುಕಿದೆ. ಅಜ್ಜಿ ಕೇಳಿದ್ದು ಈ ಲೆಕ್ಕವನ್ನಲ್ಲ, ಅಲ್ವಾ?

1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ, ಡ್ಯಾಫ್-2 ಅನ್ನುವ ಒಂದು ಜೀನ್ ಬದಲಾದರೆ ಹುಳು ಎರಡು ಪಟ್ಟಿಗಿಂತ ಜಾಸ್ತಿ ಬದುಕುತ್ತದೆ ಅಂತ ತೋರಿಸಿತು. ಆ ಎರಡು ಪಟ್ಟು ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು. ಆ ಹುಳುಗಳು ಚುರುಕಾಗಿದ್ದವು ಅನ್ನುವುದೂ ಅದೇ ಲೇಖನದಲ್ಲಿತ್ತು. ಸಾವು ಒಂದೇ ಸಲ ಬರುತ್ತದೆ, ಎಣಿಸುವುದು ಸುಲಭ. ಚುರುಕನ್ನು ಅಳೆಯಲು ದಿನಾ ಕಣ್ಣಿಟ್ಟು ಕೂರಬೇಕು, ಜೊತೆಗೆ ದುಡ್ಡು ಕೊಡುವವರಿಗೂ ತಾಳ್ಮೆ ಇರಬೇಕು. ಅವರೋ, ಯೋಜನೆ ಶುರುವಾಗುವ ಮೊದಲೇ ಫಲಿತಾಂಶ ಕೇಳುವ ಜನ.

ಈ ಸಲ ನೋಟ್‌ಬುಕ್‌ನಲ್ಲಿ ಇನ್ನೊಂದು ಕಾಲಂ ಎಳೆದಿದ್ದೇನೆ, ತಾನಾಗೇ ತೆವಳುತ್ತಿದೆಯಾ ಇಲ್ಲವಾ ಅಂತ. ಹೊಸದೇನಲ್ಲ, ಬೇರೆ ಲ್ಯಾಬ್‌ಗಳಲ್ಲಿ ಮಾಡುತ್ತಾರೆ. ‘ಕೆಲಸ ಎರಡರಷ್ಟಾಗುತ್ತಲ್ಲ’ ಅಂದರು ಸರ್. ಆಗುತ್ತದೆ.