ಥೇಮ್ಸ್ ಹೊಳೆಯ ಕುದ್ರಿನಲ್ಲಿ ಒಂದು ರಾತ್ರಿ

ನಮ್ಮ ಕುಂದಾಪುರದ ಕಡೆ ಹೊಳೆ ನಡುವಿನ ನೆಲಕ್ಕೆ ಕುದ್ರು ಅನ್ನುತ್ತೇವೆ. ಉಪ್ಪಿನಕುದ್ರು, ಬಬ್ಬುಕುದ್ರು ಹೀಗೆ. ಸಮುದ್ರದ ದ್ವೀಪಕ್ಕೆ ಆ ಮಾತು ಬಳಸುವುದಿಲ್ಲ. ಇಂಗ್ಲೆಂಡಿಗೆ ಬಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಥೇಮ್ಸ್ ಹೊಳೆಯವರಿಗೂ ಅಂಥದೊಂದು ಮಾತು ಉಂಟು: ಐಟ್. ಹೊಳೆಯ ದ್ವೀಪಕ್ಕೆ ಮಾತ್ರ ಸಲ್ಲುವ ಹಳೆಯ ಪದ. ಲಂಡನ್ನಿನ ಚಿಸಿಕ್ ಐಟ್‌ಗೆ ನೀರು ಇಳಿದ ಹೊತ್ತಿಗೆ ನಡೆದುಕೊಂಡೇ ಹೋಗಬಹುದು ಎಂದು ಕೇಳಿದಾಗ ನನಗೆ ಊರಿನ ಕೆಸರಿನ ವಾಸನೆಯೇ ಬಂದಂತಾಯಿತು.

ಕಳೆದ ಜೂನ್‌ನಲ್ಲಿ ಮೂರು ದಿನಕ್ಕೆ ಒಂದು ಬಾಡಿಗೆ ದೋಣಿ ಹಿಡಿದು ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಮೂವರೂ ಮಾರ್ಲೋ ಎಂಬ ಊರಿನ ಕೆಳಗಿನಿಂದ ಹೊಳೆ ಏರಿ ಹೊರಟೆವು. ಒಳಗೆ ಎರಡು ಮಂಚ, ಒಲೆ, ಪುಟ್ಟ ಬಚ್ಚಲು ಇರುವ ದೋಣಿ. ವೇಗ ಗಂಟೆಗೆ 8 ಕಿಲೋಮೀಟರ್ ದಾಟಬಾರದು. ದಡದಲ್ಲಿ ನಾಯಿ ಹಿಡಿದು ನಡೆಯುವವರು ನಮ್ಮ ಜೊತೆಗೇ ಬರುತ್ತಿದ್ದರು.

ಹೊಳೆಗೆ ಅಲ್ಲಲ್ಲಿ ಲಾಕ್ ಕಟ್ಟಿದ್ದಾರೆ: ಎರಡೂ ತುದಿಗೆ ಬಾಗಿಲಿರುವ ಕೋಣೆ, ಒಳಗೆ ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುತ್ತಾರೆ. ಉಬ್ಬರ ಇಳಿತ ಟೆಡಿಂಗ್ಟನ್ ಲಾಕ್‌ವರೆಗೆ ಮಾತ್ರ. ಅಲ್ಲಿಂದ ಮೇಲೆ ಲೆಚ್ಲೇಡ್‌ವರೆಗೆ 44 ಲಾಕ್‌ಗಳು ಹೊಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದಿಟ್ಟಿವೆ. ಲಾಕ್ ಒಳಗೆ ಹೋದಮೇಲೆ ಎಂಜಿನ್ ಆರಿಸಬೇಕು, ಹಗ್ಗವನ್ನು ದಡದ ಕಂಬಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದಿರಬೇಕು. ಗಂಟು ಹಾಕುವಂತಿಲ್ಲ. ಕೆಳಗೆ ಇಳಿಯುವ ದೋಣಿಯವರು ಗಂಟು ಹಾಕಿಬಿಟ್ಟರೆ ನೀರು ಇಳಿದಂತೆ ದೋಣಿ ಗೋಡೆಗೆ ನೇತುಬೀಳುತ್ತದೆ. ಮಾರ್ಲೋ, ಟೆಂಪಲ್, ಹರ್ಲಿ ಎಂದು ಮೂರು ಲಾಕ್ ದಾಟುವಷ್ಟರಲ್ಲಿ ಮಗ ಹಗ್ಗ ಎಳೆದುಕೊಳ್ಳುವ ಹದ ಕಲಿತುಬಿಟ್ಟಿದ್ದ.

ಹರ್ಲಿಯಲ್ಲಿ ನಿಂತೆವು. ಅಲ್ಲಿ ಹೊಳೆ ನಾಲ್ಕಾರು ಕವಲಾಗಿ ಒಡೆದು ನಡುವೆ ಕುದ್ರುಗಳು ಉಳಿದಿವೆ. ಇಲ್ಲಿಯ ಮೊದಲ ಲಾಕ್ ಕಟ್ಟಿದ್ದು 1773ರಲ್ಲಿ. ಕಮಾನಿನ ಮರದ ಕಾಲುಸಂಕ, ಆಚೆ ದಡದಲ್ಲಿ ಕ್ರೈಸ್ತ ಸನ್ಯಾಸಿಗಳ ಹಳೆಯ ಮಠದ ಚರ್ಚು, ದಡಕ್ಕೆ ಬಾಗಿದ ವಿಲೋ ಮರಗಳು. ಒಡ್ಡಿನಿಂದ ನೀರು ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳದು. ಆ ಸದ್ದು ಹತ್ತು ನಿಮಿಷದಲ್ಲಿ ಕಿವಿಗೆ ಒಗ್ಗಿಹೋಗುತ್ತದೆ, ಮಳೆಗಾಲದ ಸೂರಿನ ನೀರಿನ ಹಾಗೆ.

ದೋಣಿ ಕಟ್ಟುವುದಕ್ಕೆ ಕ್ರಮ ಉಂಟು. ಹರಿವಿಗೆ ಮೂತಿ ಕೊಟ್ಟು ನಿಧಾನ ದಡಕ್ಕೆ ಬರಬೇಕು. ಮೇಲ್ಗಡೆಯ ಹಗ್ಗ ಮೊದಲು, ಹಿಂದಿನದು ಆಮೇಲೆ. ಕಂಬ ಇಲ್ಲದ ಕಡೆ ಕಬ್ಬಿಣದ ಗೂಟವನ್ನು ದೋಣಿಯಿಂದ ಆಚೆಗೆ ವಾಲಿಸಿ ಸುತ್ತಿಗೆಯಲ್ಲಿ ಹೊಡೆಯಬೇಕು. ನಾನು ಗೂಟವನ್ನು ನೆಟ್ಟಗೆ ಹೊಡೆದೆ, ಹಗ್ಗವನ್ನೂ ಬಿಗಿದು ಕಟ್ಟಿದೆ. ಅರ್ಧ ಗಂಟೆಯಲ್ಲಿ ದೊಡ್ಡ ದೋಣಿಯೊಂದು ಹಾದುಹೋಯಿತು. ನೀರು ಎಳೆದ ಎಳೆತಕ್ಕೆ ನಮ್ಮ ದೋಣಿ ಮುಂದಕ್ಕೆ ಜಗ್ಗಿ, ಹಿಂದಿನ ಗೂಟ ಮಣ್ಣುಸಮೇತ ಕಿತ್ತು ಬಂತು. ಒಲೆ ಮೇಲಿದ್ದ ಅನ್ನದ ಪಾತ್ರೆ ಜಾರಿತು. ಹೆಂಡತಿ ಹಿಡಿದಳು, ಕೈ ಸ್ವಲ್ಪ ಸುಟ್ಟಿತು. ನನಗೆ ಅಳುವೇ ಬಂದಂತಾಯಿತು. ಏಕೆಂದರೆ ಇದು ನನಗೆ ಗೊತ್ತಿದ್ದ ವಿದ್ಯೆ. ಅಪ್ಪಯ್ಯ ಪಾತಿ ದೋಣಿ ಕಟ್ಟುವಾಗಲೆಲ್ಲ ಹೇಳುತ್ತಿದ್ದರು: "ಬಿಗಿ ಕಟ್ಬೇಡ ಮಗಾ, ನೀರ್ ಏರತ್ತ್, ಇಳಿತ್ತ್." ಇಲ್ಲಿ ಉಬ್ಬರ ಇಲ್ಲವಲ್ಲ ಎಂದು ನಾನು ಆ ಮಾತನ್ನೇ ಬಿಟ್ಟಿದ್ದೆ.

ಪಕ್ಕದ ದೋಣಿಯ ಅಜ್ಜಿ ಚಪ್ಪಲಿ ಹಾಕಿಕೊಂಡು ಇಳಿದು ಬಂದರು. ಮೊದಲು ಹೆಂಡತಿಯ ಕೈಗೆ ತಣ್ಣೀರು ಹಾಕಿಸಿದರು. ಆಮೇಲೆ ಮೂರನೆಯ ಹಗ್ಗ ಒಂದನ್ನು ದೋಣಿಯ ಮುಂಭಾಗದಿಂದ ಹಿಂದಕ್ಕೆ ಓರೆಯಾಗಿ ಎಳೆದು ದಡಕ್ಕೆ ಕಟ್ಟಿಸಿದರು. ಅದಕ್ಕೆ ಇಲ್ಲಿಯವರು ಸ್ಪ್ರಿಂಗ್ ಅನ್ನುತ್ತಾರೆ. ದೋಣಿ ಮೇಲೆ ಕೆಳಗೆ ಆಡುತ್ತದೆ, ಆದರೆ ಹಿಂದೆ ಮುಂದೆ ಓಡುವುದಿಲ್ಲ. ಉಬ್ಬರ ಇಲ್ಲದಿದ್ದರೂ ಒಡ್ಡಿನ ಬಾಗಿಲು ತೆಗೆದು ಹಾಕಿದಂತೆ ನೀರು ಏರಿಳಿಯುತ್ತದಂತೆ. ಮಳೆ ಜೋರಾಗಿ ಹೊಳೆ ತುಂಬಿದರೆ ಲಾಕ್‌ಗಳಲ್ಲಿ ಕೆಂಪು ಬೋರ್ಡ್ ಹಾಕುತ್ತಾರೆ, ಆಗ ಹೊರಡಲೇಬಾರದು ಎಂದೂ ಹೇಳಿದರು.

ಒಂಬತ್ತು ಗಂಟೆ ಕಳೆದರೂ ಬೆಳಕು. ಎದುರಿನ ಮರಗಳ ಮೇಲೆ ಕವಲು ಬಾಲದ ಕೆಂಪು ಹದ್ದುಗಳು ಸುತ್ತುತ್ತಿದ್ದವು. ಇಂಗ್ಲೆಂಡಿನಲ್ಲಿ ಅಳಿದೇ ಹೋಗಿದ್ದ ಹಕ್ಕಿ. 1989ರಿಂದ ಹೆಚ್ಚಾಗಿ ಸ್ಪೇನಿನ ಮರಿಗಳನ್ನು ತಂದು ಇಲ್ಲಿಯ ಚಿಲ್ಟರ್ನ್ ಗುಡ್ಡಗಳಲ್ಲಿ ಬಿಟ್ಟು ಮತ್ತೆ ನೆಲೆಗೊಳಿಸಿದ್ದಾರೆ. ಸಾಲಾಗಿ ನಿಂತ ಐದಾರು ದೋಣಿಗಳಲ್ಲಿ ಒಬ್ಬರೂ ಎಂಜಿನ್ ಹಚ್ಚಲಿಲ್ಲ, ರೇಡಿಯೋ ಹಾಕಲಿಲ್ಲ. ಹೇಳುವವರು ಯಾರೂ ಇರಲಿಲ್ಲ. ನಮ್ಮ ಮಗನೂ ತಾನಾಗಿಯೇ ಪಿಸುಮಾತಿಗೆ ಇಳಿದಿದ್ದ. ರಾತ್ರಿ ದೋಣಿಯ ಅಡಿಗೆ ನೀರು ತಟ್ಟುವ ಸದ್ದು ಕೇಳುತ್ತ ಮಲಗಿದೆ. ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ಅಷ್ಟು ಗಾಢವಾಗಿ ನಿದ್ದೆ ಬಂದದ್ದು ಅದೇ ಮೊದಲು.

ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಕೆಲವು ಕಡೆ ದುಡ್ಡೂ ಕೊಡಬೇಕು, ಬೋರ್ಡ್ ನೋಡಿಕೊಳ್ಳಬೇಕು. ಬೆಳಿಗ್ಗೆ ಗೂಟ ಕಿತ್ತು, ಗುಳಿಗೆ ಮಣ್ಣು ತುಂಬಿ ಮಗ ಕಾಲಲ್ಲಿ ಒತ್ತಿದ. ಹೊರಡುವ ಮೊದಲು ದೋಣಿಯ ಫೋಟೋ ಊರಿಗೆ ಕಳಿಸಿದೆ.

ಅಪ್ಪಯ್ಯ ಕೂಡಲೇ ಫೋನ್ ಮಾಡಿದರು. ಚರ್ಚು, ಸೇತುವೆ, ಮರ ಯಾವುದನ್ನೂ ಕೇಳಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದ್ದರು ಅನಿಸುತ್ತದೆ.

"ಆ ಓರೆ ಹಗ್ಗ ಕಟ್ಟದ್ದ್ ಯಾರ್ ಮಗಾ? ಲಾಯ್ಕ್ ಕಟ್ಟಿರ್."